ಮಳೆಯ ಜೊತೆ ಮಲೆನಾಡಿಗೆ ಇಳಿದ ಬಾಂಬಿನ ಧೂಳು

1945ರಿಂದ 1980ರವರೆಗೆ ಐದು ದೇಶಗಳು ಬಯಲು ವಾತಾವರಣದಲ್ಲಿ 500ಕ್ಕೂ ಹೆಚ್ಚು ಪರಮಾಣು ಬಾಂಬುಗಳನ್ನು ಸಿಡಿಸಿ ಪರೀಕ್ಷಿಸಿದವು. ಎಲ್ಲೋ ನಡೆದ ಆ ಸ್ಫೋಟಗಳಿಗೂ ಮೂಡಿಗೆರೆ, ಕಳಸದ ಕಾಫಿ ತೋಟಗಳಿಗೂ ನಂಟು ಬೆಸೆದದ್ದು ಮಳೆ. ದೊಡ್ಡ ಬಾಂಬಿನ ವಿಕಿರಣ ಧೂಳು ಮೋಡಗಳಿಗಿಂತ ಎತ್ತರಕ್ಕೇರಿ, ತಿಂಗಳುಗಟ್ಟಲೆ ಭೂಮಿಯನ್ನು ಸುತ್ತುತ್ತದೆ. ಆಮೇಲೆ ಅದನ್ನು ನೆಲಕ್ಕೆ ತೊಳೆದು ತರುವುದು ಮುಖ್ಯವಾಗಿ ಮಳೆಯೇ. ಆದ್ದರಿಂದ ಬಯಲುಸೀಮೆಯ ಕಡೂರಿಗಿಂತ ಘಟ್ಟದಂಚಿನ ಕಳಸದ ಪಾಲಿಗೆ ಈ ಧೂಳು ಹೆಚ್ಚೇ ಬಂದಿರಬೇಕು. ಈ ಧೂಳಿನ ಒಂದು ಧಾತುವಾದ ಸೀಸಿಯಂ-137 ಉತ್ತರ ಕನ್ನಡದ ಕೈಗಾ ಅಣುಸ್ಥಾವರದ ಸುತ್ತಲಿನ ಪರಿಸರದಲ್ಲಿ ಎಷ್ಟಿದೆ ಎಂದು ಮಂಗಳೂರು ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಅಳೆದು ದಾಖಲಿಸಿದ್ದಾರೆ.

ಈ ಧೂಳಿನಲ್ಲಿ ಬಹುಕಾಲ ಉಳಿಯುವ ಮುಖ್ಯ ಧಾತುಗಳು ಎರಡು. ಸ್ಟ್ರಾನ್ಷಿಯಂ-90 ಕ್ಯಾಲ್ಸಿಯಂನಂತೆ ವರ್ತಿಸಿ ಮೂಳೆ ಸೇರುತ್ತದೆ. ಸೀಸಿಯಂ-137 ಪೊಟ್ಯಾಷಿಯಂನಂತೆ ವರ್ತಿಸುತ್ತದೆ. ತೋಟಕ್ಕೆ ಹಾಕುವ ಪೊಟ್ಯಾಷ್ ಹಿಡಿಯುವ ದಾರಿಯಲ್ಲೇ ಅದು ಬೇರಿನಿಂದ ಗಿಡಕ್ಕೆ, ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ನಮ್ಮ ಸ್ನಾಯುಗಳಿಗೆ ಸಾಗಬಲ್ಲದು. ಮಣ್ಣಿನಲ್ಲಿ ಪೊಟ್ಯಾಷ್ ಸಾಕಷ್ಟಿದ್ದರೆ ಗಿಡ ಸೀಸಿಯಂ ಹೀರುವುದು ಕಡಿಮೆ.

ಹಾಗಾದರೆ ಇಂದು ಹೆದರಬೇಕೆ? ಬೇಡ. ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯ ಲೆಕ್ಕದಂತೆ, ಈ ಧೂಳಿನಿಂದ ಮನುಷ್ಯರಿಗೆ ತಗುಲಿದ ವಿಕಿರಣ ಜಾಗತಿಕ ಸರಾಸರಿಯಲ್ಲಿ 1963ರಲ್ಲಿ ಗರಿಷ್ಠಕ್ಕೇರಿತ್ತು: ವರ್ಷಕ್ಕೆ ಸುಮಾರು 0.11 ಮಿಲಿಸೀವರ್ಟ್. ಈಗ ಅದು 0.005ರ ಆಸುಪಾಸಿಗೆ ಇಳಿದಿದೆ. ನೆಲ, ಗಾಳಿ, ಆಹಾರ, ಆಕಾಶಗಳಿಂದ ಸಹಜವಾಗಿ ಬರುವುದೇ ಸರಾಸರಿ 2.4 ಮಿಲಿಸೀವರ್ಟ್. ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ. ಅಂದು ಬಿದ್ದದ್ದರಲ್ಲಿ ಸುಮಾರು ಮುಕ್ಕಾಲು ಪಾಲು ತಾನಾಗಿಯೇ ಕರಗಿಹೋಗಿದೆ.

ನಿಜವಾದ ಬೆಲೆ ತೆತ್ತವರು ಸ್ಫೋಟದ ಹತ್ತಿರವಿದ್ದವರು. 1954ರ ಮಾರ್ಚ್ 1ರಂದು ಪೆಸಿಫಿಕ್‌ನ ಬಿಕಿನಿಯಲ್ಲಿ ಅಮೆರಿಕ 15 ಮೆಗಾಟನ್ ಬಾಂಬ್ ಸಿಡಿಸಿದಾಗ ರೊಂಗೆಲಾಪ್ ದ್ವೀಪದ ಮೇಲೆ ಬೂದಿ ಸುರಿಯಿತು. ಜನರ ಚರ್ಮ ಸುಟ್ಟಿತು, ಕೂದಲು ಉದುರಿತು. ಅಯೋಡಿನ್-131 ಹೊಕ್ಕ ಎಳೆಯ ಮಕ್ಕಳಲ್ಲಿ ಬಹುಪಾಲು ಮಂದಿಗೆ ಮುಂದೆ ಥೈರಾಯ್ಡ್ ಗಂಟುಗಳಾದವು. ಈ ಅಯೋಡಿನ್ ಎಂಟು ದಿನಕ್ಕೆ ಅರ್ಧವಾಗುವುದರಿಂದ, ತಿಂಗಳುಗಟ್ಟಲೆ ಆಕಾಶದಲ್ಲೇ ಇದ್ದು ನಮ್ಮತ್ತ ಬಂದ ಧೂಳಿನಲ್ಲಿ ಅದು ಹೆಚ್ಚುಕಡಿಮೆ ಉಳಿದಿರಲಿಲ್ಲ.

ಆ ದುರಂತದ ಬೆನ್ನಲ್ಲೇ, ಏಪ್ರಿಲ್ 2ರಂದು, ಪರೀಕ್ಷೆಗಳನ್ನು ನಿಲ್ಲಿಸಿ ಎಂದು ನೆಹರೂ ಲೋಕಸಭೆಯಲ್ಲಿ ಕರೆಕೊಟ್ಟರು. 1963ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್ ವಾತಾವರಣದ ಪರೀಕ್ಷೆ ಬಿಡುವ ಒಪ್ಪಂದಕ್ಕೆ ಸಹಿ ಹಾಕಿದವು, ಭಾರತವೂ ಸೇರಿತು. ವಿಕಿರಣದ ಪ್ರಮಾಣ ಇಳಿಯತೊಡಗಿದ್ದು ಆಮೇಲೆ. ಭೂಗತ ಪರೀಕ್ಷೆಯೂ ಸೇರಿ ಎಲ್ಲವನ್ನೂ ನಿಷೇಧಿಸುವ 1996ರ ಒಪ್ಪಂದ ಮಾತ್ರ ಇನ್ನೂ ಜಾರಿಗೆ ಬಂದಿಲ್ಲ. ಮೋಡಕ್ಕೆ ಗಡಿಯಿಲ್ಲ. ಆದ್ದರಿಂದ ಆ ನಿಷೇಧ ಬೇಕೆಂದು ಕೇಳುವ ಹಕ್ಕು ಮಳೆ ನಂಬಿ ಬದುಕುವ ಮಲೆನಾಡಿಗೂ ಇದೆ; ಕೇಳೋಣ.