ಸರಾಸರಿ ನೀರುನಾಯಿ ಅಂತ ಯಾವುದೂ ಇಲ್ಲ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ನಾವೆಲ್ಲ ಟಿಎಂಸಿ ಲೆಕ್ಕದಲ್ಲಿ ಮುಳುಗಿದ್ದೆವು. ರೈತರ ಬೆಳೆಯ ಪ್ರಶ್ನೆ, ಮುಳುಗಲೇಬೇಕಿತ್ತು. ಆದರೆ ಹೊಸಪೇಟೆಯ ಆ ಅಣೆಕಟ್ಟೆಯ ಕೆಳಗೆ, ಮುದ್ಲಾಪುರದಿಂದ ಹಂಪಿ ದಾಟಿ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಹೊಳೆ ಹೀಗೆ ಏಕಾಏಕಿ ಏರಿದರೆ, ಬೇಸಿಗೆಯಲ್ಲಿ ಗುಂಡಿಗಳಿಗೆ ಇಳಿದರೆ ಅವುಗಳ ಗತಿ ಏನು?

ಸಾಮಾನ್ಯವಾಗಿ ನಾವು ಕೇಳೋದು "ಒಟ್ಟು ಎಷ್ಟಿವೆ?" ಅಂತ. ಹುಟ್ಟಿದ್ದನ್ನು ಕೂಡಿ, ಸತ್ತದ್ದನ್ನು ಕಳೆದರೆ ಒಂದು ಅಂಕಿ ಸಿಗುತ್ತೆ. ಆ ಅಂಕಿಯಲ್ಲಿ ಎಲ್ಲ ನೀರುನಾಯಿಗಳೂ ಒಂದೇ. ಹೊಳೆಯಲ್ಲಿ ಹಾಗಿರಲ್ಲ. ಒಂದು ಕುಟುಂಬಕ್ಕೆ ಬಂಡೆಸಂದಿಯ ಒಳ್ಳೆ ಗೂಡು ಸಿಕ್ಕಿರುತ್ತೆ, ಇನ್ನೊಂದು ಮರಳು ತೆಗೆಯುವ ಜಾಗದ ಪಕ್ಕದಲ್ಲಿರುತ್ತೆ.

ಪರಿಸರ ವಿಜ್ಞಾನಿಗಳು ಇದಕ್ಕೆ ಬಳಸುವ ವಿಧಾನವೇ ಒಂದೊಂದು ಜೀವಿಯನ್ನೂ ಕಂಪ್ಯೂಟರಿನಲ್ಲಿ ಬೇರೆ ಬೇರೆಯಾಗಿ ಇಡುವ ಮಾದರಿ. ಪ್ರತಿ ಪ್ರಾಣಿಗೂ ವಯಸ್ಸು, ಹಸಿವು, ಗುಂಪು, ಜಾಗ ಕೊಡ್ತಾರೆ. ಜೊತೆಗೆ ಸಣ್ಣ ನಿಯಮಗಳು: ಹಸಿದರೆ ಮೀನಿರುವ ಕಡೆ ಹೋಗು, ಜನ ಬಂದರೆ ಸರಿ, ಗೂಡು ಮುಳುಗಿದರೆ ಮರಿ ಎತ್ತಿಕೊಂಡು ಹೊರಡು. ಆಮೇಲೆ ಗಂಟೆ ಗಂಟೆಗೂ ಓಡಿಸಿ ನೋಡ್ತಾರೆ. ಅದೃಷ್ಟಕ್ಕೂ ಪಾತ್ರವಿರೋದರಿಂದ ನೂರಾರು ಸಲ ಓಡಿಸ್ತಾರೆ.

ಇಂಗ್ಲೆಂಡಿನ ಎಕ್ಸ್ ನದೀಮುಖದಲ್ಲಿ ಜಾನ್ ಗಾಸ್-ಕಸ್ಟಾರ್ಡ್, ರಿಚರ್ಡ್ ಸ್ಟಿಲ್‌ಮನ್ ಮತ್ತು ಸಂಗಡಿಗರು ಚಿಪ್ಪುಜೀವಿ ತಿನ್ನುವ ಆಯ್‌ಸ್ಟರ್‌ಕ್ಯಾಚರ್ ಹಕ್ಕಿಗಳಿಗೆ ಇಂಥ ಮಾದರಿ ಕಟ್ಟಿದರು. ಮೇವಿನ ಜಾಗ ಕಿರಿದಾದರೆ ಬಲಿಷ್ಠ ಹಕ್ಕಿ ತನ್ನ ಪಾಲು ಉಳಿಸಿಕೊಳ್ಳುತ್ತೆ, ಚಳಿಗಾಲದಲ್ಲಿ ಹಸಿದು ಸಾಯೋದು ದುರ್ಬಲ ಹಕ್ಕಿ. ಸರಾಸರಿ ಮೇವಿನ ಲೆಕ್ಕದಲ್ಲಿ ಇದು ಕಾಣಿಸಲ್ಲ. ಇದು ರಾಜಕೀಯದ ಪಾಠವೂ ಹೌದು: ತಲಾ ಆದಾಯ ನೋಡಿ ಬಡತನ ಅಳೆದರೆ ಆಗುವ ಯಡವಟ್ಟೇ ಇಲ್ಲೂ ಆಗುತ್ತೆ.

ನಮ್ಮ ಹೊಳೆಗೆ ಬನ್ನಿ. ನದಿ ಒಂದು ಗೆರೆಯಂಥ ಊರು. ನಡುವೆ ಒಂದು ಕಿಲೋಮೀಟರ್ ಹಾಳಾದರೆ ಸುತ್ತಿ ಹೋಗಲು ದಾರಿಯಿಲ್ಲ, ಮೇಲಿನವು ಮೇಲೆ, ಕೆಳಗಿನವು ಕೆಳಗೆ ಉಳಿದುಬಿಡಬಹುದು. "34ರಲ್ಲಿ ಒಂದೇ ಕಿಲೋಮೀಟರ್ ತಾನೇ" ಅನ್ನೋ ವಾದ ಇಲ್ಲೇ ಬೀಳುತ್ತೆ. ದರೋಜಿ ಕರಡಿಗಳ ವಿಷಯದಲ್ಲೂ ಅಷ್ಟೆ. ರಸ್ತೆ ಎಲ್ಲಿ ಹಾಯುತ್ತೆ, ರಾತ್ರಿ ಎಷ್ಟು ಹೊತ್ತಿಗೆ ಲಾರಿ ಓಡುತ್ತೆ ಅನ್ನೋದು ಒಂದೊಂದು ಕರಡಿಗೂ ಬೇರೆ ಪ್ರಶ್ನೆ.

ಮಾದರಿ ದೇವರಲ್ಲ. ತಪ್ಪು ನಿಯಮ ಕೊಟ್ಟರೆ ತಪ್ಪು ಉತ್ತರವನ್ನೇ ಅಚ್ಚುಕಟ್ಟಾಗಿ ಕೊಡುತ್ತೆ. ನೀರುನಾಯಿ ಯಾವ ಮಡುವಿನಲ್ಲಿ ಮೀನು ಹಿಡಿಯುತ್ತೆ ಅನ್ನೋದು ತೆಪ್ಪ ಹಾಕುವವರಿಗೆ, ಬಲೆ ಬೀಸುವವರಿಗೆ ಗೊತ್ತು. ಅವರನ್ನು ಕೇಳದೆ ಬರೆದ ನಿಯಮ ಅರ್ಧ ಕುರುಡು.

ಹಾಗಾಗಿ ನನ್ನ ಒತ್ತಾಯ ಇಷ್ಟೇ. ಈ ಹೊಳೆಯಲ್ಲಿ ಮರಳಿಗೋ ಸೇತುವೆಗೋ ಅನುಮತಿ ಕೊಡುವ ಮೊದಲು ಇಂಥ ಮಾದರಿ ಓಡಿಸಲಿ, ಅದರ ನಿಯಮಗಳನ್ನು ಕನ್ನಡದಲ್ಲಿ ಬಯಲಿಗಿಡಲಿ. ಇದಕ್ಕೆ ಬೇಕಾದ ನೆಟ್‌ಲೋಗೋದಂಥ ಸಾಫ್ಟ್‌ವೇರ್ ಉಚಿತ, ಮನೆಯ ಲ್ಯಾಪ್‌ಟಾಪ್‌ನಲ್ಲೇ ಓಡುತ್ತೆ. ಅವರು ತೋರಿಸಿದ ಲೆಕ್ಕವನ್ನು ಮತ್ತೆ ಓಡಿಸಿ ನೋಡುವ ಹಕ್ಕು ಹೊಳೆಯ ದಡದ ಜನಕ್ಕೆ ಇರಬೇಕು.