ಕ್ಯಾಸಿನೋ ಉತ್ಸವದ ಶೇಕಡಾ 50: ಯಾವುದರ ಮೇಲೆ?

"ಶೇಕಡಾ 50ರಷ್ಟು ಹೆಚ್ಚುವರಿ" ಎಂಬ ಘೋಷಣೆಯನ್ನು ಕಂಡೊಡನೆ ವ್ಯಾಪಾರಿಯಾದವನು ಕೇಳಬೇಕಾದ ಮೊದಲ ಪ್ರಶ್ನೆ "ಯಾವುದರ ಮೇಲೆ?" ಎಂಬುದು. ಕಂಪನಿಗಳ ವರ್ಷಾಂತ್ಯದ ಸ್ಕೀಮುಗಳಿಗೆ ಒಗ್ಗಿಹೋಗಿರುವ ನಮ್ಮ ಓದುಗರಿಗೆ ಇದು ಹೊಸ ಮಾತೇನಲ್ಲ. ಆದರೂ ಇದೇ ಪ್ರಶ್ನೆಯನ್ನು ಅತ್ಯಂತ ಶುದ್ಧ ರೂಪದಲ್ಲಿ ನೋಡಬೇಕೆಂದರೆ ಒಂದು ಜಪಾನೀ ಅಂತರಜಾಲ ಆಟದ ಕ್ಯಾಸಿನೋ ಉತ್ಸವವನ್ನು ಗಮನಿಸಬಹುದು. ಅಲ್ಲಿ ಸಾಲವಿಲ್ಲ, ಬಡ್ಡಿಯಿಲ್ಲ, ದಾಸ್ತಾನಿಲ್ಲ. ಆಟಗಾರ ಹೂಡುವ ಬಂಡವಾಳವೆಂದರೆ ಅವನ ಸಮಯ ಒಂದೇ.

ಲೆಕ್ಕಪರಿಶೋಧಕನಿಗೂ ಆಟಕ್ಕೂ ಏನು ಸಂಬಂಧವೆಂದು ಕೆಲವರು ಹುಬ್ಬೇರಿಸಬಹುದು. ನಮ್ಮ ಅನೇಕ ಸದಸ್ಯರ ಮನೆಗಳಲ್ಲಿ ಇಂತಹ ಆಟಗಳನ್ನಾಡುವ ಮಕ್ಕಳಿದ್ದಾರೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಆಡುವ ಯುವ ಪಾಲುದಾರರೂ ಇಲ್ಲದಿಲ್ಲ. ಆಡಬೇಡಿ ಎಂದು ಬೋಧಿಸುವುದಕ್ಕಿಂತ, ಆಡುವುದಾದರೆ ಯಾವ ಗಂಟೆಗೆ ಎಷ್ಟು ಗಿಟ್ಟುತ್ತದೆ ಎಂಬುದನ್ನು ಲೆಕ್ಕಹಾಕಿ ತೋರಿಸುವುದು ನಮ್ಮ ವೃತ್ತಿಗೆ ಹೆಚ್ಚು ಒಪ್ಪುವ ಕೆಲಸವಾಗಿದೆ.

ಟೋಕಿಯೋದ ಸ್ಕ್ವೇರ್ ಎನಿಕ್ಸ್ ಕಂಪನಿಯ "ಫೈನಲ್ ಫ್ಯಾಂಟಸಿ 14" ಎಂಬ ಆಟವು 2013ರ ಆಗಸ್ಟ್‌ನಲ್ಲಿ ಹೊಸ ರೂಪದಲ್ಲಿ ಮರುಬಿಡುಗಡೆಯಾಯಿತು. ಇದು ತಿಂಗಳ ಚಂದಾ ಕಟ್ಟಿ ಆಡುವ ಆಟ. 2015ರ ಫೆಬ್ರವರಿಯಲ್ಲಿ ಇದಕ್ಕೆ "ಗೋಲ್ಡ್ ಸಾಸರ್" ಎಂಬ ವಿನೋದನಗರಿಯೊಂದು ಸೇರ್ಪಡೆಯಾಯಿತು. ಈ ಹೆಸರು ಇದೇ ಸರಣಿಯ 1997ರ ಏಳನೆಯ ಆಟದಿಂದ ಬಂದುದು. ಅಲ್ಲಿ ಲಾಟರಿ, ಇಸ್ಪೀಟಿನಂತಹ ಆಟ, ಪಕ್ಷಿಗಳ ಓಟ, ಸಾಹಸ ಸ್ಪರ್ಧೆ ಎಲ್ಲವೂ ಉಂಟು. ಅಲ್ಲಿಯ ನಾಣ್ಯಕ್ಕೆ ಮ್ಯಾಂಡರ್‌ವಿಲ್ ಗೋಲ್ಡ್ ಸಾಸರ್ ಪಾಯಿಂಟ್, ಅಂದರೆ ಎಂ.ಜಿ.ಪಿ. ಎಂದು ಹೆಸರು. ಈ ಪಾಯಿಂಟುಗಳನ್ನು ನಿಜವಾದ ಹಣ ಕೊಟ್ಟು ಕೊಳ್ಳಲಾಗದು, ನಿಜವಾದ ಹಣವನ್ನಾಗಿ ಮರಳಿ ಪಡೆಯಲೂ ಆಗದು. ಅಲ್ಲಿಯೇ ಇರುವ ಬಹುಮಾನದ ಮಳಿಗೆಯಲ್ಲಿ ಉಡುಪು, ಸವಾರಿಯ ಪ್ರಾಣಿ ಮೊದಲಾದುವನ್ನು ಪಡೆಯಲು ಮಾತ್ರ ಅವು ಸಲ್ಲುತ್ತವೆ. ಫೆನ್ರಿರ್ ಎಂಬ ತೋಳದ ಸವಾರಿಗೆ 10 ಲಕ್ಷ ಪಾಯಿಂಟು. ಸಬೊಟೆಂಡರ್ ಎಂಪೆರಡೋರ್ ಎಂಬ ಕಳ್ಳಿಗಿಡದ ಸವಾರಿಗೆ 20 ಲಕ್ಷ.

ಈ ವಿನೋದನಗರಿಯಲ್ಲಿ ಆಗಾಗ "ಮೇಕ್ ಇಟ್ ರೇನ್" ಎಂಬ ಉತ್ಸವ ನಡೆಯುತ್ತದೆ. ಆ ಅವಧಿಯಲ್ಲಿ ಗಳಿಸಿದ ಪಾಯಿಂಟುಗಳಿಗೆ ಶೇಕಡಾ 50ರಷ್ಟು ಹೆಚ್ಚುವರಿ ದೊರೆಯುತ್ತದೆ. ಆಟಗಾರರು ಹಗಲಿರುಳು ಅಲ್ಲಿಯೇ ಠಿಕಾಣಿ ಹೂಡುವುದು ಆಗಲೇ.

ಗಳಿಕೆಯ ಮೂಲಗಳು

ಮೂಲದರ ತಿಳಿಯದೆ ಹೆಚ್ಚುವರಿಯ ಬೆಲೆ ತಿಳಿಯದು. ಆದುದರಿಂದ ಮೊದಲು ಸಾಮಾನ್ಯ ದಿನಗಳ ಆದಾಯವನ್ನು ನೋಡೋಣ.

"ಮಿನಿ ಕ್ಯಾಕ್ಟ್‌ಪಾಟ್" ಎಂಬುದು ದಿನಕ್ಕೆ ಮೂರು ಬಾರಿ ಮಾತ್ರ ಆಡಬಹುದಾದ ಗೀಚು ಚೀಟಿ. ಬೆಲೆ ನಗಣ್ಯ. ಒಂಬತ್ತು ಮನೆಗಳಲ್ಲಿ 1ರಿಂದ 9ರವರೆಗಿನ ಅಂಕಿಗಳು ಅಡಗಿರುತ್ತವೆ. ಒಂದು ಮನೆ ಆರಂಭದಲ್ಲಿಯೇ ತೆರೆದಿರುತ್ತದೆ. ಇನ್ನು ಮೂರನ್ನು ಆಟಗಾರ ತೆರೆಯುತ್ತಾನೆ. ಬಳಿಕ ಅಡ್ಡ, ಉದ್ದ, ಮೂಲೆಗಳ ಎಂಟು ಸಾಲುಗಳಲ್ಲಿ ಒಂದನ್ನು ಆರಿಸುತ್ತಾನೆ. ಆ ಸಾಲಿನ ಮೂರು ಅಂಕಿಗಳ ಮೊತ್ತಕ್ಕೆ ತಕ್ಕಂತೆ ಬಹುಮಾನ. ಮೊತ್ತ 6 ಆದರೆ 10,000, 24 ಆದರೆ 3,600, 23ಕ್ಕೆ 1,800, 21ಕ್ಕೆ 1,080. ಇವುಗಳ ಪಕ್ಕದಲ್ಲಿಯೇ ಹಳ್ಳಗಳೂ ಇವೆ: 7ಕ್ಕೆ ಕೇವಲ 36, 22ಕ್ಕೆ 144. ಕೂದಲೆಳೆಯಲ್ಲಿ ತಪ್ಪಿದವನಿಗೆ ಸಮಾಧಾನದ ಬಹುಮಾನ ಇಲ್ಲಿಲ್ಲ.

ಒಂಬತ್ತು ಅಂಕಿಗಳಿಂದ ಮೂರನ್ನು ಆರಿಸುವ ವಿಧಗಳು 84. ಪ್ರತಿಯೊಂದಕ್ಕೂ ಸಲ್ಲುವ ಬಹುಮಾನವನ್ನು ಕೂಡಿಸಿದರೆ 30,269 ಆಗುತ್ತದೆ. ಅಂದರೆ ಕಣ್ಣುಮುಚ್ಚಿ ಆರಿಸಿದವನ ಸರಾಸರಿ ಗಳಿಕೆ ಚೀಟಿಗೆ ಸುಮಾರು 360. ಈ ಮೊತ್ತದಲ್ಲಿ ಮೂರನೆಯ ಒಂದು ಪಾಲು 1, 2, 3 ಎಂಬ ಒಂದೇ ಕೂಟದಿಂದ ಬರುತ್ತದೆಂಬುದನ್ನು ಗಮನಿಸತಕ್ಕದ್ದು. ಆದರೆ ಮನೆಗಳನ್ನು ವಿಚಾರಮಾಡಿ ತೆರೆದವನ ಸರಾಸರಿ ಸುಮಾರು 1,500ಕ್ಕೆ ಏರುತ್ತದೆ. ಅದೇ ಚೀಟಿ, ಅದೇ ಬೆಲೆ. ಪ್ರತಿಫಲ ಮಾತ್ರ ನಾಲ್ಕು ಪಟ್ಟು. ಉತ್ಸವದ ಶೇಕಡಾ 50 ಇದರ ಮುಂದೆ ಏನೂ ಅಲ್ಲ.

ಈ ವಿಚಾರವೆಂದರೇನು? ನಡುವಿನ ಮನೆ ನಾಲ್ಕು ಸಾಲುಗಳಿಗೆ ಸೇರಿದೆ, ಮೂಲೆಯ ಮನೆ ಮೂರಕ್ಕೆ, ಅಂಚಿನ ಮನೆ ಎರಡಕ್ಕೆ ಮಾತ್ರ. ಆದುದರಿಂದ ಎಲ್ಲ ಮನೆಗಳೂ ಸಮಾನ ಮಾಹಿತಿ ಕೊಡುವುದಿಲ್ಲ. ಇನ್ನೊಂದು ಉದಾಹರಣೆ. ನಾಲ್ಕು ಮನೆಗಳು ತೆರೆದಿವೆ. ಒಂದು ಸಾಲಿನಲ್ಲಿ 1 ಮತ್ತು 2 ಕಾಣುತ್ತಿವೆ, ಮೂರನೆಯ ಮನೆ ಮುಚ್ಚಿದೆ, 3 ಎಲ್ಲಿಯೂ ಕಂಡುಬಂದಿಲ್ಲ. ಮುಚ್ಚಿರುವ ಮನೆಗಳು ಐದು. ಆ ಜಾಗದಲ್ಲಿ 3 ಇರುವ ಸಂಭವ ಐದರಲ್ಲಿ ಒಂದು. 10,000ದ ಐದನೆಯ ಒಂದು ಭಾಗ 2,000. ಆದಕಾರಣ ಈ ಸಾಲನ್ನು ಹಿಡಿಯುವುದೇ ದೀರ್ಘಕಾಲದ ಲಾಭ. ಐದರಲ್ಲಿ ನಾಲ್ಕು ದಿನ ಆಟಗಾರ ಗೊಣಗುತ್ತಾನೆಂಬುದೂ ನಿಜ. ಸರಾಸರಿ ಎಂಬುದು ವರ್ಷಾಂತ್ಯದ ಮಾತೇ ಹೊರತು ದಿನವಹಿಯ ಮಾತಲ್ಲ.

ಎರಡನೆಯ ಮೂಲ "ಫ್ಯಾಷನ್ ರಿಪೋರ್ಟ್". ಪ್ರತಿ ವಾರ ಒಂದು ವಿಷಯ ಸೂಚಿಸಲಾಗುತ್ತದೆ. ಅದಕ್ಕೊಪ್ಪುವ ಉಡುಪು ತೊಟ್ಟು ಶುಕ್ರವಾರದಿಂದ ಮಂಗಳವಾರದೊಳಗೆ ತೀರ್ಪುಗಾರರ ಮುಂದೆ ನಿಂತು, 100ಕ್ಕೆ 80 ಅಂಕ ಗಳಿಸಿದರೆ ಒಟ್ಟು 60,000 ಪಾಯಿಂಟು. ಪಂದ್ಯವಲ್ಲ, ಜೂಜಲ್ಲ, ಅದೃಷ್ಟದ ಮಾತೇ ಇಲ್ಲ. ಇಡೀ ಕ್ಯಾಸಿನೋದಲ್ಲಿ ಅತ್ಯಂತ ಭಾರವಾದ ಆದಾಯ ಈ ದರ್ಜಿ ಕೆಲಸದಿಂದ ಬರುತ್ತದೆಂಬುದು ಸ್ವಾರಸ್ಯದ ಸಂಗತಿ.

ವಾರಕ್ಕೊಮ್ಮೆ ತೆರೆಯುವ "ಜಂಬೋ ಕ್ಯಾಕ್ಟ್‌ಪಾಟ್" ನಾಲ್ಕಂಕಿಯ ಲಾಟರಿ. ಮೊದಲ ಬಹುಮಾನ 10 ಲಕ್ಷ. ಸಂಭವ 10,000ಕ್ಕೆ ಒಂದು. ಆದುದರಿಂದ ಆ 10 ಲಕ್ಷದ ತೂಕ ಟಿಕೆಟಿಗೆ 100 ಪಾಯಿಂಟು ಮಾತ್ರ. ವಾರಕ್ಕೆ ಮೂರು ಟಿಕೆಟುಗಳ ಮಿತಿಯಿದೆ. ಒಂದು ನಿಮಿಷದಲ್ಲಿ ಕೊಂಡು ಮರೆತುಬಿಡತಕ್ಕದ್ದು.

ಇನ್ನು 20 ನಿಮಿಷಗಳಿಗೊಮ್ಮೆ ಘೋಷಣೆಯಾಗುವ ಸಾಹಸ ಸ್ಪರ್ಧೆಗಳು. ಉತ್ಸವ ಕಾಲದ ಜನಜಂಗುಳಿ ಸೇರುವುದು ಇಲ್ಲಿಯೇ. ನೋಡಲು ಗಳಿಕೆ ಕಣ್ಣಿಗೆ ಹೊಡೆಯುವಂತಿರುತ್ತದೆ. ಆದರೆ ಸ್ಪರ್ಧೆಯ ಎರಡು ಮೂರು ನಿಮಿಷಕ್ಕೆ ಕಾಯುವ ಹದಿನೇಳು ನಿಮಿಷವನ್ನೂ ಸೇರಿಸಿ ಭಾಗಿಸಬೇಕು. ನಮ್ಮ ಜನ ಮರೆಯುವುದು ಈ ಹದಿನೇಳು ನಿಮಿಷವನ್ನು.

ನಿಮಿಷದ ದರ

ಫ್ಯಾಷನ್ ರಿಪೋರ್ಟಿಗೆ ಉಡುಪು ಹೊಂದಿಸುವುದೂ ಸೇರಿ ಅರ್ಧ ಗಂಟೆ ಎಂದು ಹಿಡಿಯೋಣ. ನಿಮಿಷಕ್ಕೆ 2,000 ಬಿತ್ತು. ಮಿನಿ ಕ್ಯಾಕ್ಟ್‌ಪಾಟಿನ ಮೂರು ಚೀಟಿಗೆ ಐದು ನಿಮಿಷ ಎಂದರೆ 4,500ನ್ನು ಐದರಿಂದ ಭಾಗಿಸಿ ನಿಮಿಷಕ್ಕೆ 900. ಸ್ಪರ್ಧೆಗಾಗಿ ಅಲ್ಲಿಯೇ ಕಾದು ಕುಳಿತವನಿಗೆ ಫ್ಯಾಷನ್ ರಿಪೋರ್ಟಿನ ದರ ಗಿಟ್ಟಬೇಕಾದರೆ ಒಂದೊಂದು ಸ್ಪರ್ಧೆಯೂ 40,000 ಕೊಡಬೇಕು. ಯಾವುದೂ ಅಷ್ಟು ಕೊಡುವುದಿಲ್ಲ. ಆದುದರಿಂದ ಸ್ಪರ್ಧೆಯ ಸಮಯಕ್ಕೆ ಸರಿಯಾಗಿ ಹೋಗಿ, ಮುಗಿಸಿ, ಹೊರಬರುವವನೇ ಜಾಣ. ನಡುವಿನ ಸಮಯವನ್ನು ಗೀಚು ಚೀಟಿಗೋ ವಾರದ ಸವಾಲುಗಳ ಪಟ್ಟಿಗೋ ಬಳಸಿದರೆ ಕಾಯುವಿಕೆಯ ಖರ್ಚು ಹಂಚಿಹೋಗುತ್ತದೆ.

ಈಗ ಉತ್ಸವದ ಲೆಕ್ಕ. ಫ್ಯಾಷನ್ ರಿಪೋರ್ಟಿನ 60,000 ಮತ್ತು ಏಳು ದಿನದ ಚೀಟಿಗಳ 31,500 ಸೇರಿ ವಾರಕ್ಕೆ 91,500. ಈ ಗತಿಯಲ್ಲಿ 10 ಲಕ್ಷದ ಫೆನ್ರಿರ್ ಕೈಗೆ ಬರಲು ಸುಮಾರು 11 ವಾರ ಬೇಕು. ಉತ್ಸವ ಎರಡು ವಾರ ನಡೆಯಿತೆಂದೂ, ಶೇಕಡಾ 50 ಈ ಎರಡು ಮೂಲಗಳಿಗೂ ಪೂರ್ಣವಾಗಿ ಅನ್ವಯಿಸಿತೆಂದೂ ಇಟ್ಟುಕೊಳ್ಳೋಣ. ಹೆಚ್ಚುವರಿ ವಾರಕ್ಕೆ 45,750. ಎರಡು ವಾರಕ್ಕೆ 91,500. ಅಂದರೆ ಇಷ್ಟೆಲ್ಲ ಡೋಲು ಬಾರಿಸಿದ ಉತ್ಸವದಿಂದ ದೊರೆತ ಉಳಿತಾಯ ಸರಿಯಾಗಿ ಒಂದು ವಾರ. 11 ವಾರಗಳ ದಾರಿ 10 ವಾರಗಳಿಗೆ ಇಳಿಯಿತು. ಬೇಡವೆಂದಲ್ಲ, ಆದರೆ ಅದಕ್ಕಾಗಿ ಎರಡು ವಾರ ನಿದ್ದೆಗೆಟ್ಟು ಕುಳಿತರೆ ಲೆಕ್ಕ ತಲೆಕೆಳಗಾಗುತ್ತದೆ. ದಿನಕ್ಕೆ ಮೂರು ಚೀಟಿ, ವಾರಕ್ಕೊಂದು ಉಡುಪು ಎಂಬ ಮಿತಿಗಳು ಉತ್ಸವದಲ್ಲಿಯೂ ಹಾಗೆಯೇ ಇರುತ್ತವೆ. ಮಿತಿಯಿರುವ ಮೂಲ ಮುಗಿದ ಮೇಲೆ ಉಳಿಯುವುದು ಕಡಿಮೆ ದರದ ಕೆಲಸ ಮಾತ್ರ.

ಮತ್ತೊಂದು ಭ್ರಮೆಯನ್ನೂ ಇಲ್ಲಿಯೇ ನಿವಾರಿಸಬೇಕು. ಶೇಕಡಾ 50 ಹೆಚ್ಚುವರಿ ಎಂದರೆ ವಸ್ತು ಅರ್ಧ ಬೆಲೆಗೆ ದೊರೆತಂತಲ್ಲ. 100ರ ಶ್ರಮಕ್ಕೆ 150 ಬಂದರೆ, 100ರ ವಸ್ತುವಿಗೆ ತಗಲುವ ಶ್ರಮ 66.67, ರಿಯಾಯಿತಿ ಮೂರನೆಯ ಒಂದು ಭಾಗ. ಎರಡು ಕೊಂಡರೆ ಒಂದು ಉಚಿತ ಎಂಬ ನಮ್ಮ ಪೇಟೆಯ ಫಲಕವೂ ಇದೇ ಲೆಕ್ಕದ್ದು.

ನಮ್ಮ ಪೇಟೆಯ ಸ್ಕೀಮಿಗೆ ಇದನ್ನು ಹೊಂದಿಸಿ ನೋಡಿ. ವರ್ಷದ ಖರೀದಿ 47 ಲಕ್ಷಕ್ಕೆ ಬಂದಿರುವ ಡೀಲರ್ ಒಬ್ಬರಿಗೆ 50 ಲಕ್ಷ ದಾಟಿದರೆ ಶೇಕಡಾ 2 ಹೆಚ್ಚುವರಿ ಎಂದು ಕಂಪನಿಯ ಪ್ರತಿನಿಧಿ ಹೇಳುತ್ತಾನೆ. ಮಾರ್ಚ್ ಕೊನೆಯಲ್ಲಿ 3 ಲಕ್ಷದ ಸರಕು ಗೋದಾಮಿಗೆ ಬಂದು ಆರು ತಿಂಗಳು ಕುಳಿತರೆ, ತಿಂಗಳಿಗೆ ಶೇಕಡಾ 1.5ರಂತೆ ಬಡ್ಡಿಯೇ 27,000 ರೂಪಾಯಿ. ಆ ಶೇಕಡಾ 2 ಪೂರ್ಣ 50 ಲಕ್ಷದ ಮೇಲಾದರೆ ಬರುವುದು ಒಂದು ಲಕ್ಷ, ಕಣ್ಣುಮುಚ್ಚಿ ಕೊಳ್ಳಿರಿ. ಹೊಸದಾಗಿ ಕೊಂಡ 3 ಲಕ್ಷದ ಮೇಲೆ ಮಾತ್ರವಾದರೆ ಬರುವುದು 6,000, ನಷ್ಟ 21,000. ಎರಡೂ ಸ್ಕೀಮುಗಳ ಫಲಕದಲ್ಲಿ ಬರೆದಿರುವುದು ಒಂದೇ ಅಂಕಿ. ಆಟಗಾರ ಕಳೆದುಕೊಳ್ಳುವುದು ಒಂದು ರಾತ್ರಿಯ ನಿದ್ದೆ. ಡೀಲರ್ ಕಳೆದುಕೊಳ್ಳುವುದು ಒಂದು ಋತುವಿನ ಲಾಭ.

ಮುಚ್ಚಿದ ನಾಣ್ಯ, ತೆರೆದ ನಾಣ್ಯ

ಇಲ್ಲಿಯವರೆಗೆ ಹೇಳಿದುದೆಲ್ಲವೂ ಹೊರಗೆ ಸಲ್ಲದ ನಾಣ್ಯಕ್ಕೆ ಅನ್ವಯಿಸುತ್ತದೆ. ಎಲ್ಲ ಆಟಗಳೂ ಹೀಗಿಲ್ಲ. ಅಮೆರಿಕದ ರಾಕ್‌ಸ್ಟಾರ್ ಕಂಪನಿಯ "ಗ್ರ್ಯಾಂಡ್ ಥೆಫ್ಟ್ ಆಟೋ ಆನ್‌ಲೈನ್" ಆಟದಲ್ಲಿ 2019ರ ಜುಲೈ 23ರಂದು ತೆರೆದ ಡೈಮಂಡ್ ಕ್ಯಾಸಿನೋದಲ್ಲಿ ಪ್ರತಿದಿನ ಬರುವವರಿಗೆ 1,000 ಚಿಪ್ ಉಚಿತವಾಗಿ ದೊರೆಯುತ್ತಿತ್ತು. ಒಂದು ಚಿಪ್ಪಿಗೆ ಆಟದ ಒಂದು ಡಾಲರ್ ಬೆಲೆ. ಆ ಆಟದ ಡಾಲರನ್ನು ನಿಜ ಹಣ ಕೊಟ್ಟು ಕೊಳ್ಳಬಹುದಾಗಿತ್ತು. ಇಷ್ಟೊಂದು ಬಾಗಿಲು ತೆರೆದಿದ್ದುದರಿಂದಲೇ ಅದು ಜೂಜೆಂಬ ಚರ್ಚೆ ಎದ್ದಿತು; ಹಲವು ದೇಶಗಳಲ್ಲಿ ಆ ಜೂಜಿನ ಮೇಜುಗಳು ಆಟಗಾರರಿಗೆ ಲಭ್ಯವಾಗಲಿಲ್ಲ. ಉಚಿತ ಚಿಪ್ ಮುಗಿದ ಮೇಲೆ ಆಟಗಾರನ ಕೈ ಎತ್ತ ಹೋಗುತ್ತದೆಂಬುದು ಇಂತಹ ಕಡೆ ನೋಡಬೇಕಾದ ವಿಷಯ.

ನಮ್ಮ ದೇಶದ ಕಾನೂನೂ ಇದೇ ಬಾಗಿಲನ್ನು ನೋಡುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಗೆ 2023ರಲ್ಲಿ 194ಬಿಎ ಸೆಕ್ಷನ್ ಸೇರಿಸಿ ಅಂತರಜಾಲ ಆಟಗಳ ನಿವ್ವಳ ಗೆಲುವಿಗೆ ಮೂಲದಲ್ಲಿಯೇ ತೆರಿಗೆ ಕಡಿತ ವಿಧಿಸಿದಾಗ, ಬೋನಸ್ ನಾಣ್ಯಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ಎದ್ದಿತು. ಆಟವಾಡಲು ಮಾತ್ರ ಬಳಸಬಹುದಾದ, ಹಿಂಪಡೆಯಲಾಗದ ಬೋನಸ್ಸನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಅದನ್ನು ಹಿಂಪಡೆಯಲು ಅವಕಾಶ ಕೊಟ್ಟ ಕ್ಷಣದಲ್ಲಿ ಹಿಡಿಯಬೇಕು ಎಂದು 2023ರ ಮೇ 22ರ ಸುತ್ತೋಲೆ ಸ್ಪಷ್ಟಪಡಿಸಿತು. ಅನಂತರ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಆಟಗಳ ಕಾಯ್ದೆಯು ಹಣ ಹೂಡಿ ಹಣ ಗೆಲ್ಲುವ ಆಟಗಳನ್ನೇ ನಿಷೇಧಿಸಿತು. ಹಣ ಕೊಟ್ಟು ಕೊಂಡ ನಾಣ್ಯ, ಟೋಕನ್‌ಗಳೂ ಪಣವೆಂದೇ ಅದರಲ್ಲಿ ಪರಿಗಣಿತವಾಗಿವೆ. ಪಣದ ಸ್ವರೂಪವಿಲ್ಲದ ಚಂದಾ ಆಟಗಳು ಆ ನಿಷೇಧದ ಹೊರಗಿವೆ. ಮನೆಯ ಮಕ್ಕಳು ಆಡುವ ಆಟ ಯಾವ ಬಗೆಯದೆಂದು ತಿಳಿಯಲು ಎರಡೇ ಪ್ರಶ್ನೆ ಸಾಕು: ನಾಣ್ಯವನ್ನು ರೂಪಾಯಿ ಕೊಟ್ಟು ಕೊಳ್ಳಬಹುದೇ? ಗೆದ್ದುದನ್ನು ರೂಪಾಯಿಯಾಗಿ ತೆಗೆಯಬಹುದೇ?

ಕೊನೆಯದಾಗಿ ಪುಸ್ತಕ ಬರೆಯುವವರಿಗೆ ಒಂದು ಸೂಚನೆ. ಇಂತಹ ಆಟಗಳ ಚಂದಾ ಹಣವು ಪ್ರತಿ ತಿಂಗಳು ತಾನಾಗಿಯೇ ಕಾರ್ಡಿನಿಂದ ಕಡಿತವಾಗುತ್ತದೆ. ಆ ಕಾರ್ಡು ಸಂಸ್ಥೆಯದಾಗಿದ್ದರೆ, ಕಂಪ್ಯೂಟರ್ ವೆಚ್ಚದ ತಲೆಬರಹದಡಿ ಅದು ಸದ್ದಿಲ್ಲದೆ ಸೇರಿಹೋಗುವುದನ್ನು ಲೆಕ್ಕಪರಿಶೋಧನೆಯಲ್ಲಿ ಆಗಾಗ ಕಾಣುತ್ತೇವೆ. ಅದು ವ್ಯಾಪಾರದ ಖರ್ಚಲ್ಲ. ಮಾಲೀಕರ ಅಥವಾ ಪಾಲುದಾರರ ಸ್ವಂತ ಖಾತೆಗೆ ಖರ್ಚು ಬರೆಯತಕ್ಕದ್ದು. ಆಡುವವರು ಆಟ ನಿಲ್ಲಿಸಿದ ತಿಂಗಳೇ ಚಂದಾ ರದ್ದಾಗಿದೆಯೇ ಎಂಬುದನ್ನು ಬ್ಯಾಂಕ್ ಪಟ್ಟಿಯಲ್ಲಿ ತಾಳೆ ನೋಡತಕ್ಕದ್ದು.