ಆಲ್ಫಿ ಅಜ್ಜ ಹೆಣೆದ ಪೆಂಗ್ವಿನ್ ಸ್ವೆಟರ್

ಆಲ್ಫ್ರೆಡ್ ಡೇಟ್ ತಮ್ಮ 109ನೇ ವಯಸ್ಸಿನಲ್ಲೂ ಹೆಣೆಯುತ್ತಿದ್ದ ಸ್ವೆಟರ್‌ಗಳಿಗೆ ತೋಳುಗಳಿರಲಿಲ್ಲ. ಅವನ್ನು ತೊಡುವವರ ಎತ್ತರ ಒಂದು ಅಡಿಗಿಂತ ತುಸು ಹೆಚ್ಚು, ತೂಕ ಸುಮಾರು ಒಂದು ಕಿಲೋ.

ಆಸ್ಟ್ರೇಲಿಯಾದ ಅತ್ಯಂತ ಹಿರಿಯ ಪುರುಷ ಎಂದು ಹೆಸರಾಗಿದ್ದ ಈ ಅಜ್ಜ ಎಲ್ಲರ ಬಾಯಲ್ಲೂ ಆಲ್ಫಿ. ಹುಟ್ಟಿದ್ದು 1905ರಲ್ಲಿ. ಹೆಣಿಗೆ ಕೈಗೆ ಹತ್ತಿದ್ದು 1932ರಲ್ಲಿ, ನೆಂಟರ ಮಗುವಿಗೊಂದು ಅಂಗಿ ಹೆಣೆದುಕೊಡು ಎಂದು ಮನೆಯವರು ಕೇಳಿದಾಗ. ಮುಂದೆ ಎಂಟು ದಶಕ ಕಡ್ಡಿಗಳನ್ನು ಕೆಳಗಿಡಲಿಲ್ಲ. ನ್ಯೂ ಸೌತ್ ವೇಲ್ಸ್‌ನ ವೃದ್ಧಾಶ್ರಮವೊಂದಕ್ಕೆ ಬಂದು ಅವರಿನ್ನೂ ಒಂದು ದಿನವನ್ನೂ ಕಳೆದಿರಲಿಲ್ಲ, ಅಷ್ಟರಲ್ಲೇ ಅಲ್ಲಿನ ನರ್ಸ್‌ಗಳಿಬ್ಬರು ಬಂದು, ನಿಮಗೆ ಹೆಣೆಯಲು ಬರುತ್ತದಂತಲ್ಲ, ಪೆಂಗ್ವಿನ್‌ಗಳಿಗೆ ಸ್ವೆಟರ್ ಬೇಕಾಗಿದೆ ಎಂದರು. ಅಜ್ಜ ಒಲ್ಲೆ ಎನ್ನಲಿಲ್ಲ. ಉಲ್ಲನ್ನನ್ನೂ ಆ ನರ್ಸ್‌ಗಳೇ ತಂದುಕೊಟ್ಟರು. ಗೆಳೆಯರಿಗೆ ಮಫ್ಲರ್, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಟೋಪಿ, ಇವುಗಳ ನಡುವೆ ಪೆಂಗ್ವಿನ್ ಸ್ವೆಟರ್. 2015ರಲ್ಲಿ ಸುದ್ದಿವಾಹಿನಿಯೊಂದು ಅವರನ್ನು ತೋರಿಸಿದಾಗ ಜಗತ್ತೇ ಆ ಬೆರಳುಗಳನ್ನು ನೋಡಿತು.

ಸ್ವೆಟರ್‌ಗಳು ತಲುಪುತ್ತಿದ್ದದ್ದು ಮೆಲ್ಬರ್ನ್‌ನಿಂದ ಸುಮಾರು 140 ಕಿ.ಮೀ. ದೂರದ ಫಿಲಿಪ್ ದ್ವೀಪಕ್ಕೆ. ಮಕ್ಕಳ ಮನೆಗೆಂದು ಮೆಲ್ಬರ್ನ್‌ಗೆ ಹೋಗಿಬಂದ ನಮ್ಮ ಅಪ್ಪ-ಅಮ್ಮಂದಿರಲ್ಲಿ ಹಲವರಿಗೆ ಈ ದ್ವೀಪ ಗೊತ್ತು. ಮುಸ್ಸಂಜೆಗೆ ಪುಟ್ಟ ಪೆಂಗ್ವಿನ್‌ಗಳು ಕಡಲಿನಿಂದೆದ್ದು ಗುಂಪುಗುಂಪಾಗಿ ಗೂಡಿಗೆ ನಡೆಯುವುದನ್ನು ನೋಡಲು ಅಲ್ಲಿ ಜನ ಕಾದು ಕೂರುತ್ತಾರೆ.

ಈ ಹಕ್ಕಿಯ ಪಾಲಿಗೆ ಹಡಗುಗಳಿಂದ ಕಡಲಿಗೆ ಚೆಲ್ಲುವ ತೈಲ ಎಂದರೆ ಸಾವು. ಹೆಬ್ಬೆರಳ ಉಗುರಿನಷ್ಟು ಜಾಗಕ್ಕೆ ಮೆತ್ತಿಕೊಂಡರೂ ಸಾಕು. ಒತ್ತಾಗಿ ಹೊಂದಿಕೊಂಡ ಗರಿಗಳು ಅಲ್ಲಿ ಬಿಟ್ಟುಕೊಂಡು, ತಣ್ಣೀರು ಮೈಗೆ ಇಳಿಯುತ್ತದೆ. ಹಕ್ಕಿ ನಡುಗುತ್ತದೆ, ಮೈಭಾರವಾಗಿ ಮೀನು ಹಿಡಿಯಲಾರದು. ಕೊಳೆ ತೆಗೆಯಲೆಂದು ಕೊಕ್ಕಿನಿಂದ ಗರಿ ತೀಡಿಕೊಂಡರೆ ವಿಷ ಹೊಟ್ಟೆ ಸೇರುತ್ತದೆ. ಹಿಡಿದು ತಂದ ಹಕ್ಕಿಯನ್ನು ಆ ಕ್ಷಣವೇ ತೊಳೆಯುವಂತಿಲ್ಲ. ಅದು ಮೊದಲು ಚೇತರಿಸಿಕೊಳ್ಳಬೇಕು. ಆ ನಡುವಿನ ಹೊತ್ತಿಗೆ ಸ್ವೆಟರ್. ಅಪ್ಪಟ ಉಣ್ಣೆಯ ಎರಡು ತುಂಡು, ರೆಕ್ಕೆ ತೂರಿಸಲು ಪಕ್ಕದಲ್ಲಿ ಬಿಟ್ಟ ಸಂದು, ಮೈಗೆ ಕಚ್ಚಿಕೊಳ್ಳುವಂತೆ ಎಲಾಸ್ಟಿಕ್. ಸಡಿಲವಾದರೆ ಕೊಕ್ಕು ಒಳಗೆ ನುಗ್ಗುತ್ತದೆ, ಹೆಣೆದಿದ್ದೆಲ್ಲ ವ್ಯರ್ಥ.

ಈ ಕಡಲಿಗೆ ದುರಂತಗಳು ಹೊಸವಲ್ಲ. 1995ರ ಜುಲೈನಲ್ಲಿ ‘ಐರನ್ ಬ್ಯಾರನ್’ ಎಂಬ ಅದಿರು ಹಡಗು ಟಾಸ್ಮೇನಿಯಾದ ಉತ್ತರ ಕರಾವಳಿಯ ಬಂಡೆಸಾಲಿಗೆ ಬಡಿದು ತೈಲ ಚೆಲ್ಲಿದಾಗ ಸತ್ತ ಪುಟ್ಟ ಪೆಂಗ್ವಿನ್‌ಗಳು 10ರಿಂದ 20 ಸಾವಿರ ಎಂದು ಅಂದಾಜು. 2001ರಲ್ಲಿ ಫಿಲಿಪ್ ದ್ವೀಪದ ಬಳಿ ತೈಲ ಚೆಲ್ಲಿ 438 ಪೆಂಗ್ವಿನ್‌ಗಳ ಮೈಗೆ ಮೆತ್ತಿತು. ಅವುಗಳಲ್ಲಿ ಶೇ 96ರಷ್ಟು ಚೇತರಿಸಿಕೊಂಡು ಕಡಲಿಗೆ ಮರಳಿದವು. ಆರೈಕೆಯ ಹೊತ್ತಿನಲ್ಲಿ ಅವುಗಳ ಮೈಮೇಲಿದ್ದದ್ದು ಇಂಥ ಸ್ವೆಟರ್‌ಗಳೇ.

ಆ ಸುದ್ದಿ ಹರಡಿದ್ದೇ ತಡ, ಊರೂರಿನಿಂದ, ದೇಶದೇಶಗಳಿಂದ ಪೊಟ್ಟಣಗಳು ಬಂದವು. ಕೋಟು-ಬೋ ಟೈ ವಿನ್ಯಾಸದವು, ಫುಟ್‌ಬಾಲ್ ತಂಡಗಳ ಬಣ್ಣದವು ಎಲ್ಲವೂ. ಬೇಕಾದುದಕ್ಕಿಂತ ಹೆಚ್ಚು ಸ್ವೆಟರ್‌ಗಳಾದವು. ದ್ವೀಪದ ಪೆಂಗ್ವಿನ್ ಫೌಂಡೇಷನ್ ಅವನ್ನು ಮೂಲೆಗೆಸೆಯಲಿಲ್ಲ. ಬಟ್ಟೆಯ ಗೊಂಬೆ ಪೆಂಗ್ವಿನ್‌ಗಳಿಗೆ ತೊಡಿಸಿ ಮಾರಿತು. ಬಂದ ಹಣ ಪೆಂಗ್ವಿನ್‌ಗಳ ಆರೈಕೆ ಮತ್ತು ರಕ್ಷಣೆಗೆ ಹೋಯಿತು. ಹಕ್ಕಿಯ ಮೈ ಮುಟ್ಟದ ಸ್ವೆಟರೂ ಹಕ್ಕಿಯ ಔಷಧಿಯಾಯಿತು. ಇಡೀ ಕಥೆಯಲ್ಲಿ ಹೆಚ್ಚು ಮೆಚ್ಚಬೇಕಾದ ಜಾಣತನ ಇದೇ.

2011ರ ಅಕ್ಟೋಬರ್‌ನಲ್ಲಿ ‘ರೆನಾ’ ಹಡಗು ನ್ಯೂಜಿಲೆಂಡ್‌ನ ಟೌರಂಗ ಬಳಿ ಬಂಡೆಗೇರಿ, ತೈಲ ಚೆಲ್ಲಿ ಸುಮಾರು ಎರಡು ಸಾವಿರ ಕಡಲಹಕ್ಕಿಗಳು ಸತ್ತಾಗಲೂ ಸ್ವೆಟರ್‌ಗಳ ಮಹಾಪೂರವೇ ಬಂತು. ಉಲ್ಲನ್ ಅಂಗಡಿಯೊಂದು ಅಲ್ಲಿಯೂ ಗೊಂಬೆಗಳಿಗೆ ತೊಡಿಸಿ ಮಾರುವ ದಾರಿ ಹಿಡಿಯಿತು.

ಸ್ವೆಟರ್ ತೊಡಿಸುವುದನ್ನು ಒಪ್ಪದ ತಜ್ಞರೂ ಇದ್ದಾರೆ. ಮನುಷ್ಯರ ಕೈಗೆ ಒಗ್ಗದ ಹಕ್ಕಿಯನ್ನು ಹಿಡಿದು ಮೈಗೆ ಬಟ್ಟೆ ಸಿಕ್ಕಿಸಿದರೆ ಅದು ಇನ್ನಷ್ಟು ಹೆದರುತ್ತದೆ, ಬೆಚ್ಚಗಿನ ಕೋಣೆಯೇ ಮೇಲು ಎನ್ನುವುದು ಅವರ ವಾದ. ಅದನ್ನು ತಳ್ಳಿಹಾಕುವಂತಿಲ್ಲ. ಹೆಣೆಯುವ ಮೊದಲು ಏನು ಬೇಕು, ಎಷ್ಟು ಬೇಕು ಎಂದು ಆರೈಕೆ ಮಾಡುವವರನ್ನೇ ಕೇಳುವುದು ಒಳ್ಳೆಯದು. ಆದರೆ ಗೊಂಬೆ ಮಾರಿ ಹಣ ಕೂಡಿಸುವ ಕೆಲಸಕ್ಕೆ ಈ ತಕರಾರು ತಾಗುವುದಿಲ್ಲ.

ನಮ್ಮಲ್ಲೂ ಹಿಂದೆ ಮಧ್ಯಾಹ್ನದ ಕೆಲಸ ಮುಗಿಸಿ ಜಗಲಿಯಲ್ಲಿ ಕೂತು, ಹರಟುತ್ತಲೇ ಉಲ್ಲನ್ ಸ್ವೆಟರ್ ಹೆಣೆಯುವ ಹೆಂಗಸರಿದ್ದರು. ಬಸುರಿಯಿದ್ದ ಮನೆಯಲ್ಲಂತೂ ಕಡ್ಡಿಗಳಿಗೆ ಬಿಡುವಿರಲಿಲ್ಲ. ಈಗ ಅಂಗಡಿಯ ಸ್ವೆಟರ್ ಅಗ್ಗ, ಹೆಣೆಯಲು ಗೊತ್ತಿರುವವರು ಅಜ್ಜಿಯರಾಗಿದ್ದಾರೆ. ನೆರೆ ಬಂದಾಗ ದನಕರು, ನಾಯಿಗಳ ಪಾಡು ಕಂಡು ಮರುಗುವ ಈ ಅಜ್ಜಿಯರನ್ನು ಯಾರಾದರೂ ಹೋಗಿ ಕೇಳಿದರೆ, ಅವರೂ ಒಲ್ಲೆ ಎನ್ನಲಾರರು.

ಆಲ್ಫಿ ಅಜ್ಜ 2016ರ ಮೇ ತಿಂಗಳಲ್ಲಿ ತೀರಿಕೊಂಡರು. ವಯಸ್ಸು 110.